ನೆರಳು ಅಳೆದು ಬಿಸಿಲಿಗೆ ನಿಲ್ಲುವುದು

(ವಿಟಮಿನ್ ಡಿ ಮತ್ತು ಬಿಸಿಲಿನ ಬಗ್ಗೆ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಿಷಯಕ್ಕೆ ಬರುವ ಮೊದಲು ಒಂದು ಪುಟ್ಟ ತೋಳಿನ ಕಥೆ.

1919ರ ಬರ್ಲಿನ್. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಊಟಕ್ಕೆ ತತ್ವಾರ, ಮನೆಯೊಳಗೆ ಕತ್ತಲೆ. ಮಕ್ಕಳ ಮೂಳೆ ಗಟ್ಟಿಯಾಗದೆ, ಮೈಭಾರ ತಾಳಲಾರದೆ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ರಿಕೆಟ್ಸ್ ಎನ್ನುವ ಕಾಯಿಲೆ ಅದು. ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ಮಕ್ಕಳ ವೈದ್ಯರು ಇಂಥ ಕೆಲವು ಮಕ್ಕಳ ಮೈಗೆ ಅತಿನೇರಳೆ ಕಿರಣ ಸೂಸುವ ಪಾದರಸದ ದೀಪದ ಬೆಳಕು ಹಾಯಿಸಿದರು. ಕೆಲವು ವಾರ ಕಳೆದ ಮೇಲೆ ಎಕ್ಸ್-ರೇ ತೆಗೆದು ನೋಡಿದರೆ ಮೂಳೆಯ ತುದಿಗಳಲ್ಲಿ ಕ್ಯಾಲ್ಸಿಯಂ ಕೂಡಿಕೊಳ್ಳುತ್ತಿತ್ತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಒಂದು ತೋಳಿಗೆ ಮಾತ್ರ ಬೆಳಕು ಬೀಳುವಂತೆ ಮಾಡಿ ನೋಡಿದರು. ಬೆಳಕು ಬಿದ್ದ ತೋಳಿನ ಮೂಳೆ ಗುಣವಾಯಿತು. ಬೆಳಕೇ ಕಾಣದ ಇನ್ನೊಂದು ತೋಳಿನ ಮೂಳೆಯೂ ಗುಣವಾಯಿತು.

ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ, ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಎಡಗೈಯ ಚರ್ಮದ ಮೇಲೆ ಬೆಳಕು ಬಿದ್ದರೆ ಬಲಗೈಯ ಮೂಳೆಗೆ ಸುದ್ದಿ ಹೋಗುವುದು ಹೇಗೆ? ಚರ್ಮ ಏನನ್ನೋ ತಯಾರಿಸಿ ರಕ್ತಕ್ಕೆ ಬಿಡುತ್ತಿದೆ ಎಂದಲ್ಲದೆ ಇದಕ್ಕೆ ಬೇರೆ ಅರ್ಥವಿಲ್ಲ. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ಒಳಗೇ ಕೂಡಿಹಾಕಿ ಸಾಕಿದ ನಾಯಿಮರಿಗಳ ರಿಕೆಟ್ಸನ್ನು ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಗುಣಪಡಿಸಿದ್ದರು. ಎಣ್ಣೆಯಲ್ಲಿದ್ದ ಆ ಅಂಶಕ್ಕೆ 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಂ ವಿಟಮಿನ್ ಡಿ ಎಂದು ಹೆಸರಿಟ್ಟರು. ಇಂಥ ವಸ್ತುಗಳ ರಚನೆಯನ್ನು ಬಿಡಿಸಿದ್ದಕ್ಕಾಗಿ 1928ರಲ್ಲಿ ಅಡಾಲ್ಫ್ ವಿಂಡಾಸ್ ಅವರಿಗೆ ನೊಬೆಲ್ ಬಂತು. ದೀಪದ ಬೆಳಕು, ಮೀನಿನ ಎಣ್ಣೆ ಎರಡೂ ಒಂದೇ ಕೆಲಸ ಮಾಡಿದ್ದವು ಎನ್ನುವುದನ್ನು ನೆನಪಿಡಿ. ಮಾತ್ರೆಯ ವಿಷಯ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಈಗ ನನ್ನ ಕೋಣೆಗೆ ಬನ್ನಿ. ನಾನು ಚರ್ಮರೋಗ ವೈದ್ಯೆ. ಬಿಸಿಲಿನಿಂದ ಕೆಟ್ಟ ಚರ್ಮವನ್ನು ದಿನವೂ ನೋಡುವವಳು. ಕೆಲವು ವರ್ಷಗಳ ಹಿಂದೆ ಅರವತ್ತು ದಾಟಿದ ಒಬ್ಬರು ತುರಿಕೆ ಎಂದು ಬಂದರು. ಜೊತೆಯಲ್ಲಿ ಒಂದು ನೋಟ್‌ಬುಕ್ ಇತ್ತು. ಎಂಟು ತಿಂಗಳಿಂದ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ನಲವತ್ತು ನಿಮಿಷ ಬಿಸಿಲಿಗೆ ಕುಳಿತದ್ದನ್ನು ದಿನಾಂಕ ಹಾಕಿ ಬರೆದಿಟ್ಟಿದ್ದರು. ಮೋಡ ಮುಸುಕಿದ ದಿನಗಳಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ತೀರಾ ಶ್ರದ್ಧೆಯ ಮನುಷ್ಯ. ರಕ್ತಪರೀಕ್ಷೆಯ ಚೀಟಿಯಲ್ಲಿ ಮಾತ್ರ ವಿಟಮಿನ್ ಡಿ ಮಿಲಿಲೀಟರಿಗೆ 9 ನ್ಯಾನೋಗ್ರಾಂ ಎಂದಿತ್ತು. 12ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಹೆಚ್ಚಿನ ಜನರಿಗೆ 20 ಸಾಕು. "ಡಾಕ್ಟರೇ, ನನ್ನ ಮೈಗೆ ಬಿಸಿಲು ಹತ್ತುವುದಿಲ್ಲವೇ?" ಎಂದು ಕೇಳಿದರು. ಆ ದನಿಯಲ್ಲಿದ್ದ ಬೇಸರ ನನಗಿನ್ನೂ ನೆನಪಿದೆ.

ಅವರ ಮೈಯಲ್ಲಿ ದೋಷವೇನೂ ಇರಲಿಲ್ಲ. ಹಾಗೆ ನೋಡಿದರೆ ಅವರು ಕುಳಿತಿದ್ದ ಬಿಸಿಲಿನಲ್ಲೂ ದೋಷವಿರಲಿಲ್ಲ. ಆ ಹೊತ್ತಿನ ಬಿಸಿಲಿನಲ್ಲಿ ಬೇಕಾದ ಕಿರಣ ಇರಲಿಲ್ಲ, ಅಷ್ಟೇ.

ನಮಗೆ ಕಾಣುವ ಬೆಳಕು, ನಮ್ಮನ್ನು ಬೆಚ್ಚಗಾಗಿಸುವ ಶಾಖ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇವೆಲ್ಲ ಸೇರಿ ಬಿಸಿಲು. ಅತಿನೇರಳೆಯಲ್ಲಿ ನೆಲ ಮುಟ್ಟುವವು ಎರಡು ಬಗೆ. ಉದ್ದ ಅಲೆಯದು ಯುವಿ-ಎ, ಗಿಡ್ಡ ಅಲೆಯದು ಯುವಿ-ಬಿ. ವಿಟಮಿನ್ ಡಿ ತಯಾರಾಗಲು ಬೇಕಾದದ್ದು ಯುವಿ-ಬಿ ಮಾತ್ರ. ಅದರಲ್ಲೂ ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಕಿರಿದಾದ ಪಟ್ಟಿ. ಆಕಾಶದ ಓಝೋನ್ ಪದರ ಈ ಪಟ್ಟಿಯ ಬಹುಭಾಗವನ್ನು ಹೀರಿಬಿಡುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಕಿರಣ ಓಝೋನನ್ನು ನೇರವಾಗಿ ಸೀಳಿಕೊಂಡು ಬರುತ್ತದೆ, ದಾರಿ ಚಿಕ್ಕದು. ಸೂರ್ಯ ದಿಗಂತದ ಹತ್ತಿರವಿದ್ದಾಗ ಅದೇ ಪದರವನ್ನು ಓರೆಯಾಗಿ ಹಾಯಬೇಕು, ದಾರಿ ಉದ್ದ. ಯುವಿ-ಬಿ ಆ ದಾರಿಯಲ್ಲೇ ಮುಗಿದುಹೋಗುತ್ತದೆ. ಎಳೆಬಿಸಿಲು ಹಿತವಾಗಿರುವುದಕ್ಕೆ ಒಂದು ಕಾರಣ ಇದೇ. ಅದು ನಿದ್ದೆ ಮತ್ತು ಎಚ್ಚರದ ಲಯಕ್ಕೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಅದನ್ನು ಬಿಡಿ ಎಂದು ಯಾರಿಗೂ ಹೇಳಲಾರೆ. ವಿಟಮಿನ್ ಡಿಯನ್ನು ಮಾತ್ರ ಅದರಿಂದ ನಿರೀಕ್ಷಿಸಬೇಡಿ.

ದಿನದ ಮಟ್ಟಿಗೆ ನಿಜವಾದದ್ದು ವರ್ಷದ ಮಟ್ಟಿಗೂ ನಿಜ. 1988ರಲ್ಲಿ ಆನ್ ವೆಬ್, ಮೈಕೆಲ್ ಹಾಲಿಕ್ ಮತ್ತು ಸಂಗಡಿಗರು ಬಾಸ್ಟನ್ ನಗರದ ಬಿಸಿಲಿನಲ್ಲಿ ಚರ್ಮದ ಮಾದರಿಗಳನ್ನು ಇಟ್ಟು ನೋಡಿದರು. ನವೆಂಬರಿನಿಂದ ಫೆಬ್ರವರಿಯವರೆಗೆ, ಆಕಾಶ ಎಷ್ಟೇ ಶುಭ್ರವಾಗಿದ್ದರೂ, ವಿಟಮಿನ್ ಡಿಯ ಮೊದಲ ರೂಪ ಹುಟ್ಟಲಿಲ್ಲ. ಇನ್ನೂ ಉತ್ತರದ ಎಡ್ಮಂಟನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗೂ ಇದೇ ಕಥೆ. ಸಮಭಾಜಕಕ್ಕೆ ಹತ್ತಿರ ಇರುವವರಿಗೆ ಈ ತೊಂದರೆ ಇಲ್ಲ. ಅವರಿಗಿರುವುದು ದಿನದ ಹೊತ್ತಿನ ಪ್ರಶ್ನೆ ಮಾತ್ರ.

ಹೊತ್ತನ್ನು ತಿಳಿಯಲು ಗಡಿಯಾರ ಬೇಡ, ನಿಮ್ಮ ನೆರಳು ಸಾಕು. ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ನಿಂತು ನೋಡಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಯುವಿ-ಬಿ ಕಡಿಮೆ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲೇರಿದ್ದಾನೆ, ಯುವಿ-ಬಿ ಧಾರಾಳವಾಗಿದೆ. ಯಾವ ದೇಶ, ಯಾವ ಋತು ಎಂದು ಕೇಳಬೇಕಾಗಿಲ್ಲ. ಆ ನೋಟ್‌ಬುಕ್ಕಿನ ಹಿರಿಯರಿಗೆ ನಾನು ಮೊದಲು ಹೇಳಿಕೊಟ್ಟದ್ದು ಇದನ್ನೇ.

ಇನ್ನು ಮುಂದಿನದು ತೊಡಕಿನ ಮಾತು. ನೆರಳು ಗಿಡ್ಡವಾಗಿರುವ ಹೊತ್ತೇ ಚರ್ಮ ಸುಡುವ ಹೊತ್ತು. ವಿಟಮಿನ್ ಕೊಡುವ ಕಿರಣವೇ ಕ್ಯಾನ್ಸರಿಗೂ ದಾರಿ ಮಾಡುವ ಕಿರಣ. ಎರಡನ್ನೂ ಬೇರ್ಪಡಿಸಿ, ಒಳ್ಳೆಯದನ್ನಷ್ಟೇ ಒಳಗೆ ಬಿಟ್ಟುಕೊಳ್ಳುವ ಜರಡಿ ಯಾವುದೂ ಇಲ್ಲ. ಹಾಗಾದರೆ ಸಮತೋಲ ಎನ್ನುವ ಮಾತಿಗೆ ಅರ್ಥವಿದೆಯೇ? ಇದೆ. ಆ ಅರ್ಥ ಚರ್ಮದ ಒಳಗೆ ನಡೆಯುವ ರಸಾಯನದಲ್ಲಿದೆ, ಅದಕ್ಕಾಗಿ ಸ್ವಲ್ಪ ಹತ್ತಿರದಿಂದ ನೋಡಬೇಕು.

ಚರ್ಮದ ಜೀವಕೋಶಗಳಲ್ಲಿ ಕೊಲೆಸ್ಟರಾಲಿನ ಹತ್ತಿರದ ಬಂಧು ಒಂದಿದೆ, 7-ಡಿಹೈಡ್ರೊಕೊಲೆಸ್ಟರಾಲ್. ಯುವಿ-ಬಿ ತಾಗಿದೊಡನೆ ಅದರ ಒಂದು ಉಂಗುರ ಬಿಚ್ಚಿಕೊಂಡು ಪೂರ್ವ ವಿಟಮಿನ್ ಡಿ ಆಗುತ್ತದೆ. ಇದಕ್ಕೆ ಕ್ಷಣ ಸಾಕು. ಆಮೇಲೆ ಬೆಳಕಿನ ಕೆಲಸವಿಲ್ಲ. ಮೈಯ ಬಿಸಿಗೇ ಅದು ಗಂಟೆಗಟ್ಟಲೆ ನಿಧಾನವಾಗಿ ರೂಪ ಬದಲಿಸಿ ವಿಟಮಿನ್ ಡಿ3 ಆಗಿ ರಕ್ತಕ್ಕೆ ಇಳಿಯುತ್ತದೆ. ಯಕೃತ್ತು ಮತ್ತು ಮೂತ್ರಪಿಂಡ ಅದನ್ನು ಇನ್ನೆರಡು ಹಂತದಲ್ಲಿ ಹದಗೊಳಿಸಿದ ಮೇಲೆ ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಅದು ನೆರವಾಗುತ್ತದೆ.

ಆದರೆ ನೀವು ಬಿಸಿಲಿನಲ್ಲೇ ನಿಂತಿದ್ದೀರಿ ಎಂದುಕೊಳ್ಳಿ. ಆಗಷ್ಟೇ ಹುಟ್ಟಿದ ಪೂರ್ವ ವಿಟಮಿನ್ನಿನ ಮೇಲೂ ಕಿರಣ ಬೀಳುತ್ತಲೇ ಇರುತ್ತದೆ. ಅದು ಲ್ಯೂಮಿಸ್ಟೆರಾಲ್, ಟ್ಯಾಕಿಸ್ಟೆರಾಲ್ ಎಂಬ ಬೇರೆ ವಸ್ತುಗಳಾಗಿ ಮಾರ್ಪಡುತ್ತದೆ. ಅವುಗಳಿಂದ ಮೂಳೆಗೆ ಉಪಯೋಗವಿಲ್ಲ. ಚರ್ಮದಲ್ಲಿರುವ ಮೂಲವಸ್ತುವಿನ ಶೇಕಡಾ 10ರಿಂದ 15ರಷ್ಟು ಪೂರ್ವ ವಿಟಮಿನ್ ಆದ ಮೇಲೆ ಹುಟ್ಟುವುದೂ ಕೆಡುವುದೂ ಸರಿಸಮವಾಗಿಬಿಡುತ್ತದೆ. ಅಲ್ಲಿಂದ ಮುಂದೆ ಒಂದು ಗಂಟೆ ನಿಂತರೂ ಅಷ್ಟೇ, ಮೂರು ಗಂಟೆ ನಿಂತರೂ ಅಷ್ಟೇ. ಹಗಲೆಲ್ಲ ಬಿಸಿಲಿನಲ್ಲಿ ದುಡಿಯುವವರಿಗೂ ಬಿಸಿಲಿನಿಂದ ವಿಟಮಿನ್ ಡಿ ವಿಷವಾಗುವುದಿಲ್ಲ, ಕಾರಣ ಇದು. ಕೊಡ ತುಂಬಿದ ಮೇಲೂ ನಲ್ಲಿ ತೆರೆದಿಟ್ಟಂತೆ ಉಳಿದ ಬಿಸಿಲು.

ಹಾನಿಯ ಕಡೆ ಇಂಥ ತಡೆಯಿಲ್ಲ. ಅದೇ ಯುವಿ-ಬಿ ಜೀವಕೋಶದ ನಡುವಿನ ಡಿಎನ್‌ಎಯನ್ನೂ ತಾಗುತ್ತದೆ. ಡಿಎನ್‌ಎ ಎಂದರೆ ನಾಲ್ಕು ಬಗೆಯ ಮಣಿಗಳನ್ನು ಪೋಣಿಸಿದ ಸರ. ಅದರಲ್ಲಿ ಥೈಮಿನ್ ಎಂಬ ಎರಡು ಮಣಿಗಳು ಪಕ್ಕಪಕ್ಕದಲ್ಲಿದ್ದರೆ ಕಿರಣ ತಾಗಿದಾಗ ಅವು ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆ ಜಾಗದಲ್ಲಿ ಸರವನ್ನು ಸರಿಯಾಗಿ ಓದಲು ಬರುವುದಿಲ್ಲ. ಜೀವಕೋಶ ಬೆಸುಗೆಯನ್ನು ಕತ್ತರಿಸಿ ತೆಗೆದು, ಹೊಸ ತುಣುಕು ಕೂಡಿಸಿ ರಿಪೇರಿ ಮಾಡುತ್ತದೆ. ನಮ್ಮ ಮೈ ದಿನವೂ ಮಾಡುವ ಕೆಲಸ ಇದು. ಎಷ್ಟು ದೊಡ್ಡ ಕೆಲಸ ಎಂದು ತಿಳಿಯಬೇಕಾದರೆ ಅದು ಬಾರದವರನ್ನು ನೋಡಬೇಕು. ಝೆರೋಡರ್ಮಾ ಪಿಗ್ಮೆಂಟೋಸಂ ಎಂಬ ಹುಟ್ಟುಕಾಯಿಲೆಯ ಮಕ್ಕಳಲ್ಲಿ ಈ ರಿಪೇರಿ ಕೆಟ್ಟಿರುತ್ತದೆ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿಕೊಟ್ಟರು. ಬೇರೆಯವರಿಗೆ ಮುಪ್ಪಿನಲ್ಲಿ ಬರುವ ಚರ್ಮದ ಕ್ಯಾನ್ಸರ್ ಆ ಮಕ್ಕಳಿಗೆ ಹತ್ತು ವರ್ಷ ತುಂಬುವ ಮೊದಲೇ ಬಂದೀತು. ನಮಗೂ ಅವರಿಗೂ ಬೀಳುವ ಬಿಸಿಲು ಒಂದೇ. ನಮ್ಮನ್ನು ಕಾಯುತ್ತಿರುವುದು ಆ ರಿಪೇರಿ ಮಾತ್ರ. ಅದೂ ನೂರಕ್ಕೆ ನೂರು ಸರಿಯಾಗಿ ನಡೆಯುವುದಿಲ್ಲ. ಉಳಿದುಹೋದ ತಪ್ಪುಗಳು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತವೆ.

ಯುವಿ-ಎ ಸುಡುವುದು ಕಡಿಮೆ, ಇಳಿಯುವುದು ಹೆಚ್ಚು ಆಳಕ್ಕೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ನಾರುಗಳನ್ನು ಸಡಿಲಿಸಿ ಸುಕ್ಕು, ಕಲೆ ತರುವುದು ಅದು. ಅದು ಡಿಎನ್‌ಎಯನ್ನೂ ಬಿಡುವುದಿಲ್ಲ. ಬಿಸಿಲಿನಿಂದ ನೆರಳಿಗೆ ಬಂದು ಗಂಟೆಗಳಾದರೂ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇರುವ ಜೀವಕೋಶಗಳಲ್ಲಿ ಥೈಮಿನ್ ಬೆಸುಗೆಯಂಥ ಹಾನಿ ಹೊಸದಾಗಿ ಆಗುತ್ತಲೇ ಇರುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೂರ್ಯನ ವಿಕಿರಣವನ್ನು 1992ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತ್ತು. ಮೈಬಣ್ಣ ಕಂದಿಸಿಕೊಳ್ಳಲು ಬಳಸುವ ಕೃತಕ ಬಿಸಿಲಿನ ಹಾಸಿಗೆಗಳನ್ನು 2009ರಲ್ಲಿ ಅದೇ ಗುಂಪಿಗೆ ಹಾಕಿತು.

ನಾನು ಇಂದು ಹೇಳಬೇಕೆಂದು ಬಂದದ್ದು ಇಲ್ಲಿದೆ. ಬಿಸಿಲಿನ ಲಾಭ ಮೊದಲ ಕೆಲವು ನಿಮಿಷಗಳಲ್ಲೇ ಮುಗಿದುಹೋಗುತ್ತದೆ. ಹಾನಿ ಮಾತ್ರ ನಿಂತಷ್ಟು ಹೊತ್ತೂ ಬೆಳೆಯುತ್ತದೆ. ಹೆಚ್ಚು ಹೊತ್ತು ನಿಂತರೆ ಹೆಚ್ಚು ವಿಟಮಿನ್ ಎಂಬ ಲೆಕ್ಕವೇ ತಪ್ಪು. ಚರ್ಮ ಕೆಂಪಾಗುವಷ್ಟು ಅಥವಾ ಚುರುಗುಟ್ಟುವಷ್ಟು ಬಿಸಿಲು ವಿಟಮಿನ್ ಡಿಗಾಗಿ ಯಾರಿಗೂ ಎಂದಿಗೂ ಬೇಕಾಗಿಲ್ಲ.

ಹಾಗಾದರೆ ಎಷ್ಟು ಬೇಕು? ಎಲ್ಲರಿಗೂ ಹೊಂದುವ ಒಂದೇ ಅಂಕಿ ಕೊಟ್ಟರೆ ಅದು ಸುಳ್ಳಾಗುತ್ತದೆ. ಅಂದಾಜು ಸಿಗಲೆಂದು ಒಂದು ಉದಾಹರಣೆ. ಬ್ರಿಟನ್ನಿನ ಅಕ್ಷಾಂಶಕ್ಕೆ ಸಂಬಂಧಿಸಿ 2018ರಲ್ಲಿ ಪ್ರಕಟವಾದ ಲೆಕ್ಕದಂತೆ ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ಮಧ್ಯಾಹ್ನದ ಹೊತ್ತು, ಬೇಸಿಗೆಯ ತಿಂಗಳುಗಳಲ್ಲಿ ಮೊಣಕೈ ಕೆಳಗಿನ ಭಾಗ ಮತ್ತು ಮೊಣಕಾಲು ಕೆಳಗಿನ ಭಾಗ ತೆರೆದಿಟ್ಟು, ಬಿಳಿ ಚರ್ಮದವರಿಗೆ ದಿನಕ್ಕೆ ಸುಮಾರು 9 ನಿಮಿಷ, ಕಂದು ಚರ್ಮದವರಿಗೆ ಸುಮಾರು 25 ನಿಮಿಷ ಸಾಕು. ಸೂರ್ಯ ಇನ್ನೂ ಮೇಲೇರುವ ಕಡೆ ಇಷ್ಟೂ ಬೇಡ. ಸಂಖ್ಯೆಗಿಂತ ಅದರ ಹಿಂದಿನ ಕ್ರಮವನ್ನು ನೋಡಿ: ಸ್ವಲ್ಪ ಹೊತ್ತು, ಮತ್ತೆ ಮತ್ತೆ, ಹೆಚ್ಚು ಚರ್ಮ.

ಹೆಚ್ಚು ಚರ್ಮ ಎನ್ನುವುದರ ಮೇಲೆ ಒತ್ತು ಕೊಡುತ್ತೇನೆ, ಯಾಕೆಂದರೆ ಜನ ಎಡವುವುದೇ ಇಲ್ಲಿ. ಮುಖ ಮತ್ತು ಕತ್ತು ಸೇರಿದರೂ ಮೈಯ ಹತ್ತರಲ್ಲಿ ಒಂದು ಪಾಲು ಆಗುವುದಿಲ್ಲ. ತೋಳು ಮತ್ತು ಕಾಲುಗಳನ್ನು ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು. ತೆರೆದಿಟ್ಟ ಚರ್ಮ ಎರಡು ಪಟ್ಟಾದರೆ ಬೇಕಾದ ಸಮಯ ಅರ್ಧವಾಗುತ್ತದೆ. ಆದರೆ ನಾವು ಮಾಡುವುದು ತದ್ವಿರುದ್ಧ. ಮೈಯೆಲ್ಲ ಮುಚ್ಚಿಕೊಂಡು ಮುಖವನ್ನು ಬಿಸಿಲಿಗೆ ಒಡ್ಡುತ್ತೇವೆ. ಬದುಕಿನುದ್ದಕ್ಕೂ ಬಿಸಿಲು ತಿಂದು ದಣಿದಿರುವುದು ಅದೇ ಮುಖ. ನಾನು ನೋಡುವ ಬಿಸಿಲಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಮೂಗು, ಕಿವಿಯ ಅಂಚು, ಕೆಳತುಟಿ, ಕತ್ತಿನ ಹಿಂಭಾಗದಲ್ಲಿರುತ್ತವೆ. ಆದ್ದರಿಂದ ಮುಖಕ್ಕೆ ಯಾವಾಗಲೂ ಟೋಪಿ ಮತ್ತು ಸನ್‌ಸ್ಕ್ರೀನ್ ಇರಲಿ. ತೋಳು, ಕಾಲುಗಳಿಗೆ ಕೆಲವೇ ನಿಮಿಷ ಬಿಸಿಲು ಬೀಳಲಿ, ಆಮೇಲೆ ಅವನ್ನೂ ಮುಚ್ಚಿ. ನೋಟ್‌ಬುಕ್ಕಿನ ಹಿರಿಯರಿಗೂ ಹೀಗೇ ಹೇಳಿದೆ. ಮೊದಲು ಮಾತ್ರೆ ಕೊಟ್ಟು ಕೊರತೆಯನ್ನು ತುಂಬಿದೆ, ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚಿ ಗಿಡ್ಡ ನೆರಳಿನ ಹೊತ್ತಿನಲ್ಲಿ ಚಿಕ್ಕ ನಡಿಗೆ. ಮೂರು ತಿಂಗಳ ನಂತರ ಬಂದಾಗ ಅವರ ನೋಟ್‌ಬುಕ್ಕಿನಲ್ಲಿ ಹೊಸದೊಂದು ಕಾಲಂ ಇತ್ತು: ನೆರಳಿನ ಉದ್ದ, ಹೆಜ್ಜೆಗಳಲ್ಲಿ.

ಸನ್‌ಸ್ಕ್ರೀನ್ ವಿಷಯ. ಎಸ್‌ಪಿಎಫ್ ಎಂಬ ರಕ್ಷಣೆಯ ಅಂಕಿ 15 ಇರುವುದು ಚರ್ಮ ಸುಡುವ ಕಿರಣದ ಸುಮಾರು ಶೇಕಡಾ 93ನ್ನು ತಡೆಯುತ್ತದೆ, 30 ಇರುವುದು 97ನ್ನು, 50 ಇರುವುದು 98ನ್ನು. ಇವು ಪ್ರಯೋಗಾಲಯದ ಅಂಕಿಗಳು. ಅಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಅಷ್ಟು ಹಚ್ಚಬೇಕಾದರೆ ಮುಖ ಮತ್ತು ಕತ್ತಿಗೇ ಒಂದು ಟೀ ಚಮಚದಷ್ಟು ಬೇಕು. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು. ಇಂದು ಮನೆಗೆ ಹೋಗಿ ಹಾಗೆ ಎಳೆದು ನೋಡಿ. ನೀವು ಹಚ್ಚುತ್ತಿದ್ದದ್ದು ಅದರ ಕಾಲು ಭಾಗವೋ ಅರ್ಧವೋ ಇರುತ್ತದೆ. ಎರಡು ಗಂಟೆಗೊಮ್ಮೆ, ಬೆವರಿದ ಅಥವಾ ಈಜಿದ ಮೇಲೆ ತಪ್ಪದೆ, ಮತ್ತೆ ಹಚ್ಚಬೇಕು. ಯುವಿ-ಎಯನ್ನೂ ತಡೆಯುವಂಥದ್ದನ್ನೇ ಆರಿಸಿಕೊಳ್ಳಿ, ಎಸ್‌ಪಿಎಫ್ ಅಂಕಿ ಮುಖ್ಯವಾಗಿ ಯುವಿ-ಬಿಯದ್ದು.

ಇದರಿಂದ ಪ್ರಯೋಜನವಿದೆಯೇ ಎನ್ನುವವರಿಗೆ ಆಸ್ಟ್ರೇಲಿಯಾದ ನ್ಯಾಂಬೋರ್ ಪಟ್ಟಣವನ್ನು ತೋರಿಸುತ್ತೇನೆ. 1992ರಿಂದ 1996ರವರೆಗೆ ಅಲ್ಲಿನ 1,621 ಜನರಲ್ಲಿ ಕೆಲವರಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಿ, ಉಳಿದವರನ್ನು ಅವರ ಇಷ್ಟಕ್ಕೆ ಬಿಟ್ಟರು. ದಿನವೂ ಹಚ್ಚಿದವರಲ್ಲಿ ಸ್ಕ್ವಾಮಸ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇಕಡಾ 40 ಕಡಿಮೆಯಾಯಿತು. ಹತ್ತು ವರ್ಷಗಳಾಚೆಗೂ ಅವರನ್ನು ಹಿಂಬಾಲಿಸಿ ನೋಡಿದಾಗ ಚರ್ಮದ ಕ್ಯಾನ್ಸರುಗಳಲ್ಲಿ ತೀರಾ ಅಪಾಯದ ಬಗೆಯಾದ ಮೆಲನೋಮಾ ಕೂಡ ಅರ್ಧದಷ್ಟೇ ಇತ್ತು: ಅವರಲ್ಲಿ 11, ಇನ್ನೊಂದು ಗುಂಪಿನಲ್ಲಿ 22. ಸನ್‌ಸ್ಕ್ರೀನ್ ಹಚ್ಚಿದರೆ ವಿಟಮಿನ್ ಡಿ ಪೂರ್ತಿ ನಿಂತುಹೋಗುತ್ತದೆ ಎಂಬ ಭಯದಿಂದ ಅದನ್ನು ಬಿಟ್ಟವರಿದ್ದಾರೆ. ಸಾಮಾನ್ಯ ಜನ ಹಚ್ಚುವ ರೀತಿಯಲ್ಲಿ ಹಾಗಾಗುವುದಿಲ್ಲ. ತುಂಬಾ ಕಟ್ಟುನಿಟ್ಟಾಗಿ, ಮೈತುಂಬ, ದಿನವೂ ಹಚ್ಚುವವರಾದರೆ ಬಿಸಿಲನ್ನು ನೆಚ್ಚಬೇಡಿ, ಮಾತ್ರೆ ತೆಗೆದುಕೊಳ್ಳಿ.

ಬಟ್ಟೆ ಸನ್‌ಸ್ಕ್ರೀನಿಗಿಂತ ಒಂದು ಕೈ ಮೇಲು. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲ ಉಡುಪು ಒಳ್ಳೆಯದು. ಒದ್ದೆಯಾದ ತೆಳು ಬಿಳಿ ಬಟ್ಟೆಯಿಂದ ರಕ್ಷಣೆ ಕಡಿಮೆ. ತೆಳುಮೋಡ ನಂಬಿಕೆಗೆ ಯೋಗ್ಯವಲ್ಲ, ಅತಿನೇರಳೆಯ ಬಹುಪಾಲನ್ನು ಅದು ಹಾಗೇ ಬಿಡುತ್ತದೆ. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಕಿರಣ ಶೇಕಡಾ 10ರಷ್ಟು ಏರುತ್ತದೆ. ಹೊಸ ಹಿಮ ಶೇಕಡಾ 80ರವರೆಗೆ ಪ್ರತಿಫಲಿಸುತ್ತದೆ, ಹಿಮದಲ್ಲಿ ಗದ್ದದ ಕೆಳಗೂ ಸುಡುವುದು ಅದರಿಂದಲೇ. ಹವಾಮಾನ ವರದಿಯಲ್ಲಿ ಬರುವ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು. ನೀವು ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಅಥವಾ ರಕ್ತದೊತ್ತಡಕ್ಕೆ ಹೈಡ್ರೊಕ್ಲೋರೊಥಯಝೈಡ್ ತೆಗೆದುಕೊಳ್ಳುತ್ತಿದ್ದರೆ ಚರ್ಮ ಬೇಗ ಸುಡುತ್ತದೆ, ನಿಮ್ಮ ವೈದ್ಯರನ್ನು ಕೇಳಿ.

ಕಪ್ಪು ಚರ್ಮದವರ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಮೆಲನಿನ್ ಒಳ್ಳೆಯ ಕೊಡೆ. ಚರ್ಮದ ಕ್ಯಾನ್ಸರ್ ಅವರಲ್ಲಿ ತೀರಾ ಕಡಿಮೆ. ಆದರೆ ಅದೇ ಕೊಡೆ ವಿಟಮಿನ್ ಡಿ ತಯಾರಿಕೆಯನ್ನೂ ನಿಧಾನಗೊಳಿಸುತ್ತದೆ. ತಿಳಿಚರ್ಮದವರಿಗಾಗಿ ಬರೆದ ಎಚ್ಚರಿಕೆಗಳನ್ನು ಅವರು ಚಾಚೂ ತಪ್ಪದೆ ಪಾಲಿಸಿದರೆ ಮೂಳೆಗೆ ನಷ್ಟ. ಅವರಿಗೆ ಸ್ವಲ್ಪ ಹೆಚ್ಚು ಹೊತ್ತು ಬಿಸಿಲು ಬೇಕು, ಅದು ಅವರಿಗೆ ಅಷ್ಟು ಅಪಾಯವೂ ಅಲ್ಲ. ಹಾಗೆಂದು ಚರ್ಮವನ್ನು ನೋಡಿಕೊಳ್ಳುವುದೇ ಬೇಡ ಎಂದಲ್ಲ. ಅಂಗೈ, ಅಂಗಾಲು, ಉಗುರಿನ ಕೆಳಗೆ ಬರುವ ಮೆಲನೋಮಾಕ್ಕೂ ಬಿಸಿಲಿಗೂ ಸಂಬಂಧ ಕಡಿಮೆ, ಅದು ಯಾವ ಬಣ್ಣದವರಿಗೂ ಬರಬಹುದು. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಮೆಲನೋಮಾದಿಂದ. ಆಗ ಅವರಿಗೆ 36 ವರ್ಷ. ಸ್ನಾನವಾದ ಮೇಲೆ ತಿಂಗಳಿಗೊಮ್ಮೆ ಅಂಗಾಲು ತಿರುಗಿಸಿ ನೋಡಿಕೊಳ್ಳಿ. ಅಗಲವಾಗುತ್ತಿರುವ, ಅಂಚು ಹರಿದಂತಿರುವ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಕಾಣುವ ಯಾವುದನ್ನಾದರೂ ವೈದ್ಯರಿಗೆ ತೋರಿಸಿ.

ಇನ್ನು ಮಾತ್ರೆ. ಬರ್ಲಿನ್ನಿನ ದೀಪವೂ ಮೆಲನ್‌ಬಿಯವರ ಎಣ್ಣೆಯೂ ಒಂದೇ ಕೆಲಸ ಮಾಡಿದ್ದನ್ನು ನೆನಪಿಡಿ ಎಂದಿದ್ದೆ. ಮೂಳೆಗೆ ವಿಟಮಿನ್ ಡಿ ಚರ್ಮದಿಂದ ಬಂತೋ ಬಾಯಿಂದ ಬಂತೋ ಎಂಬುದು ಗೊತ್ತಾಗುವುದಿಲ್ಲ. ಮಾತ್ರೆ ನುಂಗುವುದು ಸೋಲು, ಬಿಸಿಲಿನಿಂದ ಪಡೆಯುವುದೇ ಸಹಜ ಎಂದು ಹಲವರು ನನ್ನೊಡನೆ ವಾದಿಸಿದ್ದಾರೆ. ಅವರ ಮಾತಿನ ಹಿಂದಿರುವ ಪ್ರಕೃತಿಯ ಮೇಲಿನ ಪ್ರೀತಿಯನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪುವುದಿಲ್ಲ. ಹಗಲೆಲ್ಲ ಕಟ್ಟಡದೊಳಗೆ ದುಡಿಯುವವರು, ಹಾಸಿಗೆ ಹಿಡಿದವರು, ಮೈತುಂಬ ಉಡುವವರು, ಚರ್ಮದ ಕ್ಯಾನ್ಸರ್ ಒಮ್ಮೆ ಬಂದವರು, ಚಳಿಗಾಲದಲ್ಲಿ ಸೂರ್ಯ ಮೇಲೇಳದ ನಾಡಿನವರು ಮಾತ್ರೆಯನ್ನೇ ನೆಚ್ಚುವುದು ಜಾಣತನ. ಎಪ್ಪತ್ತು ದಾಟಿದವರ ಚರ್ಮದಲ್ಲಿ ತಯಾರಿಕೆ ಯೌವನದ ಅರ್ಧಕ್ಕೂ ಇಳಿದಿರುತ್ತದೆ, ಅವರಿಗೂ ಅಷ್ಟೇ. ಆಹಾರದಲ್ಲಿ ಎಣ್ಣೆಯಂಶದ ಮೀನು, ಮೊಟ್ಟೆಯ ಹಳದಿ, ಅತಿನೇರಳೆ ಬೆಳಕು ತಾಗಿಸಿದ ಅಣಬೆ, ವಿಟಮಿನ್ ಸೇರಿಸಿದ ಹಾಲು ಇವುಗಳಲ್ಲಿ ಸಿಗುತ್ತದೆ, ಆದರೆ ಅಷ್ಟರಿಂದಲೇ ಪೂರೈಸುವುದು ಕಷ್ಟ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲಿ ಗೊತ್ತುಮಾಡಿದ ಪ್ರಮಾಣ ಒಂದರಿಂದ ಎಪ್ಪತ್ತು ವರ್ಷದವರಿಗೆ ದಿನಕ್ಕೆ 600 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಯೂನಿಟ್), ಅಂದರೆ 15 ಮೈಕ್ರೋಗ್ರಾಂ. ಎಪ್ಪತ್ತು ದಾಟಿದವರಿಗೆ 800. ದೊಡ್ಡವರಿಗೆ ವೈದ್ಯರ ಉಸ್ತುವಾರಿ ಇಲ್ಲದೆ ದಿನಕ್ಕೆ 4,000 ದಾಟಬಾರದು. ಚರ್ಮಕ್ಕಿರುವ ತಡೆ ಹೊಟ್ಟೆಗಿಲ್ಲ. ವಾರಕ್ಕೊಂದು ನುಂಗಬೇಕಾದ ಹೆಚ್ಚು ಪ್ರಮಾಣದ ಮಾತ್ರೆಯನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿಯಿಂದ ಬಳಲಿ, ಮೂತ್ರಪಿಂಡ ಕೆಡಿಸಿಕೊಂಡು ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ. ವರ್ಷಕ್ಕೊಮ್ಮೆ 5 ಲಕ್ಷ ಐಯು ಒಟ್ಟಿಗೆ ಕೊಟ್ಟ ವಯಸ್ಸಾದ ಮಹಿಳೆಯರಲ್ಲಿ ಬೀಳುವುದು, ಮೂಳೆ ಮುರಿಯುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು ಎಂದು 2010ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ವರದಿ ಮಾಡಿತು. ಇನ್ನು ವೈಟಲ್ ಎಂಬ ಹೆಸರಿನ ಅಧ್ಯಯನದಲ್ಲಿ 25,871 ಜನರಲ್ಲಿ ಅರ್ಧದಷ್ಟು ಮಂದಿ ದಿನಕ್ಕೆ 2,000 ಐಯು ತೆಗೆದುಕೊಂಡರು. ಕ್ಯಾನ್ಸರಾಗಲಿ ಹೃದಯಾಘಾತವಾಗಲಿ ಅವರಲ್ಲಿ ಕಡಿಮೆಯಾಗಲಿಲ್ಲ. ಕೊರತೆ ಇದ್ದವರಿಗೆ ಅದು ಔಷಧ. ಸಾಕಷ್ಟು ಇದ್ದವರಿಗೆ ಮತ್ತೂ ಸುರಿದರೆ ಸಿಗುವುದೇನಿಲ್ಲ. ಆರೋಗ್ಯವಂತ ವಯಸ್ಕರು ಸುಮ್ಮಸುಮ್ಮನೆ ರಕ್ತದ ಮಟ್ಟ ಪರೀಕ್ಷಿಸಿಕೊಳ್ಳುವುದು ಬೇಡ ಎಂದು ಅಂತಃಸ್ರಾವ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಹೇಳಿದೆ. ಸ್ನಾಯು ನೋವು, ಮೂಳೆ ನೋವು, ಪದೇ ಪದೇ ಮೂಳೆ ಮುರಿತ ಇದ್ದವರ ಮಾತು ಬೇರೆ.

ಪ್ರಶ್ನೆಗಳಲ್ಲಿ ಹೆಚ್ಚಿನವು ಕಿಟಕಿಯ ಬಗ್ಗೆ ಇದ್ದವು. ಗಾಜಿನ ಹಿಂದೆ ಕುಳಿತು ಬಿಸಿಲು ಕಾಯಿಸಿಕೊಂಡರೆ ಸಾಕೇ? ಸಾಲದು. ಮಾಮೂಲಿ ಗಾಜು ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆದು, ಯುವಿ-ಎಯ ಸಾಕಷ್ಟನ್ನು ಒಳಗೆ ಬಿಡುತ್ತದೆ. ವಿಟಮಿನ್ ಸಿಗುವುದಿಲ್ಲ, ಸುಕ್ಕು ಬರುತ್ತದೆ. ದಿನವಿಡೀ ವಾಹನ ಓಡಿಸುವವರಲ್ಲಿ ಕಿಟಕಿಯ ಕಡೆಯ ಕೆನ್ನೆ ಬೇಗ ಮುಪ್ಪಾಗುವುದನ್ನು ನೀವೇ ಗಮನಿಸಬಹುದು.

ಹಸುಗೂಸಿನ ಬಗ್ಗೆ ಒಬ್ಬ ತಾಯಿ ಕೇಳಿದರು. ಆರು ತಿಂಗಳೊಳಗಿನ ಮಗುವನ್ನು ನೇರ ಬಿಸಿಲಿಗೆ ಒಡ್ಡಬೇಡಿ. ಎದೆಹಾಲಿನಲ್ಲಿ ವಿಟಮಿನ್ ಡಿ ಕಡಿಮೆ ಇರುವುದರಿಂದ ದಿನಕ್ಕೆ 400 ಐಯು ಹನಿಯ ರೂಪದಲ್ಲಿ ಬೇಕಾಗುತ್ತದೆ. ಮಕ್ಕಳ ವೈದ್ಯರು ಬರೆದುಕೊಡುತ್ತಾರೆ, ಹನಿಗಳನ್ನು ಎಣಿಸಿ ಹಾಕಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದು ನಿಂತರು. ಅವರ ಆರು ವರ್ಷದ ಮಗಳಿಗೆ ಹುಟ್ಟಿನಿಂದ ಮೆಲನಿನ್ ಇಲ್ಲ, ಕೂದಲು, ಹುಬ್ಬು ಎಲ್ಲ ಬಿಳಿ. ಬಿಸಿಲಿಗೆ ಬಿಡಬೇಡಿ ಎಂದಿದ್ದಾರೆ, ಮೂಳೆಯ ಗತಿಯೇನು, ಮಗು ಹೊರಗೆ ಆಡುವುದೇ ಬೇಡವೇ ಎಂದು ಕೇಳಿದರು. ಅವರಿಗೆ ಹೀಗೆ ಹೇಳಿದೆ: ಮಗುವಿನ ರಕ್ತ ಪರೀಕ್ಷೆ ಮಾಡಿಸಿ, ಬೇಕಾದಷ್ಟು ವಿಟಮಿನ್ ಡಿಯನ್ನು ಬಾಯಿಂದ ಕೊಡೋಣ, ಆ ಹೊಣೆ ಬಿಸಿಲಿನ ಮೇಲೆ ಬೇಡ. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಅವಳಿಗೆ ಹಲ್ಲುಜ್ಜುವಷ್ಟೇ ರೂಢಿಯಾಗಲಿ. ಸಂಜೆ ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ನೆರಳನ್ನು ತೋರಿಸಿ. ಅದು ಅವಳಿಗಿಂತ ಎರಡು ಪಟ್ಟು ಉದ್ದವಾದ ಮೇಲೆ ಟೋಪಿ ಹಾಕಿ ಆಟಕ್ಕೆ ಬಿಡಿ, ಕತ್ತಲಾಗುವವರೆಗೂ ಓಡಲಿ.